ಓವರ್‌ಕೋಟಿನೊಳಗಿನ ಪಿಸ್ತೂಲು: 1928ರ ಲಾಹೋರ್ ಚಳಿಯಲ್ಲಿ ಪೊಲೀಸರಿಗೆ ಕಾಣದೇ ಹೋದದ್ದೇನು?

ಇವತ್ತಿನ ಸಂಚಿಕೆ ಒಂದು ಓವರ್‌ಕೋಟಿನ ಬಗ್ಗೆ. ಹೌದು, ಚಳಿಗೆ ಹಾಕೋ ಉದ್ದನೆಯ ಕೋಟಿನ ಬಗ್ಗೆಯೇ.

1928ರ ಡಿಸೆಂಬರ್. ಬೆಳಗಿನ ಜಾವದ ಕತ್ತಲು. ಲಾಹೋರ್ ರೈಲು ನಿಲ್ದಾಣಕ್ಕೆ ಒಂದು ಕುಟುಂಬ ಬರುತ್ತದೆ. ಗಂಡ, ಹೆಂಡತಿ, ನಿದ್ದೆಗಣ್ಣಿನ ಮಗು, ಸಾಮಾನು ಹೊತ್ತ ಆಳು. ಗಂಡ ಓವರ್‌ಕೋಟು ಹಾಕಿ ಕಾಲರ್ ಮೇಲಕ್ಕೆತ್ತಿದ್ದಾನೆ, ತಲೆಯ ಮೇಲೆ ಫೆಲ್ಟ್ ಹ್ಯಾಟ್. ಪೊಲೀಸರು ಊರನ್ನೇ ಜಾಲಾಡುತ್ತಿದ್ದ ಹೊತ್ತು ಅದು. ಆದರೂ ಈ ಕುಟುಂಬವನ್ನು ಯಾರೂ ತಡೆಯಲಿಲ್ಲ.

ಆ 'ಗಂಡ' ಭಗತ್ ಸಿಂಗ್. 'ಹೆಂಡತಿ'ಯಾಗಿ ಬಂದವರು ದುರ್ಗಾ ದೇವಿ ವೋಹ್ರಾ. ಆಳಿನ ವೇಷದಲ್ಲಿದ್ದವರು ರಾಜಗುರು. ಇನ್ನು ಕೋಟಿನೊಳಗೆ? ಗುಂಡು ತುಂಬಿದ ಪಿಸ್ತೂಲು.

ಈ ದೃಶ್ಯವನ್ನು ನೀವು ಸಿನಿಮಾದಲ್ಲಿ ನೋಡಿರಬಹುದು, ಶಾಲೆಯ ನಾಟಕದಲ್ಲಿ ಆಡಿಯೂ ಇರಬಹುದು. ಆದರೆ ಒಂದು ಪ್ರಶ್ನೆ ಉಳಿದುಬಿಡುತ್ತೆ. ಆ ಕೋಟು ಏನನ್ನು ಮುಚ್ಚಿಟ್ಟಿತು? ಬರೀ ಪಿಸ್ತೂಲನ್ನಾ? ಅಥವಾ ಇನ್ನೇನಾದರೂ ಇತ್ತಾ? ಇದಕ್ಕೆ ಉತ್ತರ ಹುಡುಕೋಕೆ ಮೊದಲು ಸ್ವಲ್ಪ ದೂರ ಹೋಗಬೇಕು. ಅಮೆರಿಕಕ್ಕೆ.

ಜೇಬಿಗಾಗಿಯೇ ಹುಟ್ಟಿದ ಪಿಸ್ತೂಲು

ಬಂದೂಕು ಅಂದರೆ ಮೊದಲು ಹೆಗಲ ಮೇಲೋ ಸೊಂಟದ ಪಟ್ಟಿಯಲ್ಲೋ ಎಲ್ಲರಿಗೂ ಕಾಣುವಂತೆ ಇರುತ್ತಿದ್ದ ವಸ್ತು. ಅದನ್ನು ಬಟ್ಟೆಯೊಳಗೆ ಅಡಗಿಸೋದು ಅಂದರೆ ಮೋಸ ಅನ್ನೋ ಭಾವನೆ ಅಮೆರಿಕದಲ್ಲಿ ಬಹಳ ಹಿಂದಿನಿಂದ ಇತ್ತು. 1813ರಲ್ಲೇ ಕೆಂಟುಕಿ ರಾಜ್ಯ ಒಂದು ಕಾನೂನು ಮಾಡಿತು. ಜೇಬಿನ ಪಿಸ್ತೂಲು, ಕಠಾರಿ, ಕೈಗೋಲಿನೊಳಗೆ ಅಡಗಿಸಿದ ಕತ್ತಿ, ಇಂಥವನ್ನು ಮರೆಮಾಡಿ ಇಟ್ಟುಕೊಂಡರೆ ದಂಡ. ಒಂದೇ ಒಂದು ವಿನಾಯಿತಿ: ಪ್ರಯಾಣದಲ್ಲಿ ಇರುವವರಿಗೆ. 1822ರಲ್ಲಿ ಅಲ್ಲಿನ ಕೋರ್ಟು ಆ ಕಾನೂನನ್ನು ರದ್ದು ಮಾಡಿತು. ಆದರೆ ಆ ವಾದ ಮುಗಿಯಲಿಲ್ಲ, ಅಮೆರಿಕದಲ್ಲಿ ಇವತ್ತಿಗೂ ಅದು ನಡೆಯುತ್ತಲೇ ಇದೆ.

ಕಾನೂನು ಒಂದು ಕಡೆ ಇದ್ದರೆ, ವ್ಯಾಪಾರ ಇನ್ನೊಂದು ಕಡೆ. ಫಿಲಡೆಲ್ಫಿಯಾದಲ್ಲಿ ಹೆನ್ರಿ ಡೆರಿಂಜರ್ ಅನ್ನೋ ಬಂದೂಕು ತಯಾರಕ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಪಿಸ್ತೂಲುಗಳನ್ನು ಮಾಡುತ್ತಿದ್ದ. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್‌ನ ಫೋರ್ಡ್ ನಾಟಕಮಂದಿರದಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ತಲೆಗೆ ತಗುಲಿದ ಗುಂಡು ಅಂಥದ್ದೇ ಒಂದು ಪಿಸ್ತೂಲಿನದು. ಅದರ ಉದ್ದ 15 ಸೆಂಟಿಮೀಟರಿನಷ್ಟೂ ಇರಲಿಲ್ಲ.

ಚಳಿಗಾಲದ ಬಟ್ಟೆಗೂ ಪಿಸ್ತೂಲಿಗೂ ಒಂದು ವಿಚಿತ್ರ ಸಂಬಂಧ ಇದೆ. ದಪ್ಪ ಕೋಟು ಹಾಕಿದರೆ ಆಯುಧ ಹೊರಗೆ ಕಾಣುವುದಿಲ್ಲ, ಅದರ ಆಕಾರವೂ ಮೂಡುವುದಿಲ್ಲ. ಆದರೆ ಅದೇ ದಪ್ಪ ಬಟ್ಟೆ ಅದನ್ನು ಹೊರಗೆ ತೆಗೆಯೋದಕ್ಕೂ ಅಡ್ಡ ಬರುತ್ತದೆ. ಹಳೆಯ ರಿವಾಲ್ವರ್‌ಗಳ ಹಿಂಭಾಗದಲ್ಲಿ ಹ್ಯಾಮರ್ ಅಂತ ಇರುತ್ತಿತ್ತು. ಗುಂಡಿನ ಹಿಂಬದಿಗೆ ಬಡಿಯುವ ಸುತ್ತಿಗೆಯಂಥ ಭಾಗ. ಅದು ಕೊಕ್ಕೆಯ ಹಾಗೆ ಹೊರಗೆ ಚಾಚಿಕೊಂಡು ಜೇಬಿನ ಅಸ್ತರಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅಂದರೆ ಆಗ ಬಂದೂಕು ತಯಾರಕರ ಮುಂದೆ ಇದ್ದದ್ದು ಒಂಥರಾ ದರ್ಜಿಯ ಸಮಸ್ಯೆ.

1887ರಲ್ಲಿ ಸ್ಮಿತ್ ಆಂಡ್ ವೆಸನ್ ಕಂಪನಿ ಹ್ಯಾಮರನ್ನು ಒಳಗೆ ಮುಚ್ಚಿಟ್ಟ ರಿವಾಲ್ವರ್ ತಂದಿತು. ಆಮೇಲೆ 1903ರಲ್ಲಿ ಕೋಲ್ಟ್ ಕಂಪನಿ ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ಒಂದು ಪಿಸ್ತೂಲನ್ನು ಮಾರುಕಟ್ಟೆಗೆ ಬಿಟ್ಟಿತು. ಜನ ಅದನ್ನು 'ಪಾಕೆಟ್ ಹ್ಯಾಮರ್‌ಲೆಸ್' ಅಂತ ಕರೆದರು. ಹೆಸರು ಪೂರ್ತಿ ನಿಜ ಅಲ್ಲ. ಹ್ಯಾಮರ್ ಇತ್ತು, ಆದರೆ ಮೇಲಿನ ಲೋಹದ ಕವಚದೊಳಗೆ ಇತ್ತು. ಚಪ್ಪಟೆ ಮೈ, ನುಣುಪು ಅಂಚು, ಸುಮಾರು 17 ಸೆಂಟಿಮೀಟರ್ ಉದ್ದ, 700 ಗ್ರಾಮಿಗಿಂತ ಸ್ವಲ್ಪ ಕಡಿಮೆ ತೂಕ, ಒಳಗೆ .32 ಅಳತೆಯ 8 ಗುಂಡು. ಕೋಟಿನ ಜೇಬನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾಡಿದ ವಸ್ತು. 1903ರಿಂದ 1945ರವರೆಗೆ ಇಂಥ ಲಕ್ಷಾಂತರ ಪಿಸ್ತೂಲುಗಳು ತಯಾರಾದವು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಈ ಅಮೆರಿಕನ್ ಪಿಸ್ತೂಲುಗಳಲ್ಲಿ ಒಂದು ಭಗತ್ ಸಿಂಗ್ ಅವರ ಕೈ ಸೇರಿತ್ತು. ಇನ್ನೊಂದು ಚಂದ್ರಶೇಖರ್ ಆಜಾದ್ ಅವರ ಕೈಯಲ್ಲಿತ್ತು.

ನಮ್ಮಲ್ಲಿ ಕಾನೂನು ಕೇಳಿದ ಪ್ರಶ್ನೆಯೇ ಬೇರೆ

ಕೆಂಟುಕಿಯ ಕಾನೂನು ಕೇಳಿದ್ದು 'ಆಯುಧ ಕಾಣುತ್ತಾ, ಅಡಗಿದೆಯಾ?' ಅಂತ. ಬ್ರಿಟಿಷ್ ಇಂಡಿಯಾದ ಕಾನೂನು ಕೇಳಿದ್ದು 'ನೀನು ಯಾರು?' ಅಂತ.

1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದಲ್ಲಿ ಶಸ್ತ್ರಾಸ್ತ್ರ ಕಾಯ್ದೆ ಬಂತು. ದೇಶಭಾಷೆಗಳ ಪತ್ರಿಕೆಗಳ ಬಾಯಿ ಮುಚ್ಚಿಸಿದ ಕಾಯ್ದೆ ಬಂದದ್ದೂ ಅದೇ ವರ್ಷ. ಭಾರತೀಯರು ಆಯುಧ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ವಿನಾಯಿತಿ. ಅಂದರೆ ಒಂದೇ ಪಿಸ್ತೂಲು ಒಬ್ಬನ ಜೇಬಿನಲ್ಲಿದ್ದರೆ ಅಪರಾಧ, ಇನ್ನೊಬ್ಬನ ಜೇಬಿನಲ್ಲಿದ್ದರೆ ಮಾಮೂಲಿ ವಸ್ತು.

ಈ ಕಾನೂನಿಗೆ ನಮ್ಮ ಕೊಡಗಿನಲ್ಲಿ ಒಂದು ದೊಡ್ಡ ಅಪವಾದ ಇತ್ತು. ಕೊಡವರಿಗೆ ಬ್ರಿಟಿಷರ ಕಾಲದಿಂದಲೇ ವಿನಾಯಿತಿ ಸಿಕ್ಕಿತ್ತು, ಅದು ಇವತ್ತಿಗೂ ಮುಂದುವರಿದಿದೆ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಗಳಲ್ಲಿ ಬಂದೂಕು ಅಡಗಿಸಿಡುವ ವಸ್ತು ಆಗಿರಲೇ ಇಲ್ಲ. ಯಾರನ್ನು ನಂಬಬಹುದು, ಯಾರನ್ನು ನಂಬಬಾರದು ಅಂತ ಸರ್ಕಾರ ಪಟ್ಟಿ ಮಾಡಿಕೊಂಡಿತ್ತು ಅನ್ನೋದಕ್ಕೆ ಇದೂ ಒಂದು ಸಾಕ್ಷಿ.

ಮೊದಲ ಮಹಾಯುದ್ಧ ಮುಗಿದ ಮೇಲೆ ನಿಯಮಗಳು ಬದಲಾದವು, ಬಣ್ಣ ನೋಡಿ ಕೊಡುತ್ತಿದ್ದ ವಿನಾಯಿತಿ ಕಾಗದದ ಮೇಲೆ ಕರಗಿತು. ಆದರೆ ಕಾಗದದಲ್ಲಿ ಹೋದದ್ದು ಪೊಲೀಸರ ಕಣ್ಣಿನಿಂದ ಅಷ್ಟು ಬೇಗ ಹೋಗುತ್ತಾ? ಹ್ಯಾಟು, ಸೂಟು, ಬೂಟು ಅಂದರೆ 'ಸಾಹೇಬ'. ಸಾಹೇಬನನ್ನು ಕಾನ್‌ಸ್ಟೇಬಲ್ ತಡೆದು ಜೇಬು ನೋಡುವುದಿಲ್ಲ, ಸಲಾಂ ಹೊಡೆಯುತ್ತಾನೆ. ಲಾಹೋರಿನ ಯುವಕರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಒಂದು ತಿಂಗಳ ಲೆಕ್ಕ

ಈಗ ಘಟನೆಗೆ ಬರೋಣ. 1928ರ ಅಕ್ಟೋಬರ್ 30ರಂದು ಸೈಮನ್ ಆಯೋಗ ಲಾಹೋರಿಗೆ ಬಂತು. ಆಯೋಗದಲ್ಲಿ ಒಬ್ಬ ಭಾರತೀಯನೂ ಇಲ್ಲ ಅನ್ನೋ ಸಿಟ್ಟು ದೇಶದ ತುಂಬ ಇತ್ತು. ಲಾಹೋರಿನಲ್ಲಿ ಪ್ರತಿಭಟನೆಯ ಮುಂದಾಳು ಲಾಲಾ ಲಜಪತ್ ರಾಯ್. ಪೊಲೀಸ್ ವರಿಷ್ಠ ಜೇಮ್ಸ್ ಸ್ಕಾಟ್ ಲಾಠಿ ಪ್ರಹಾರಕ್ಕೆ ಆದೇಶ ಕೊಟ್ಟ. ಲಾಲಾಜಿಗೆ ಏಟು ಬಿತ್ತು. ನವೆಂಬರ್ 17ರಂದು ಅವರು ತೀರಿಹೋದರು.

ಭಗತ್ ಸಿಂಗ್ ಮತ್ತು ಸಂಗಾತಿಗಳು ಸೇಡಿಗೆ ಆರಿಸಿಕೊಂಡ ದಿನ ಡಿಸೆಂಬರ್ 17. ಲಾಲಾಜಿ ತೀರಿಹೋಗಿ ಸರಿಯಾಗಿ ಒಂದು ತಿಂಗಳು. ಗುರಿ ಸ್ಕಾಟ್. ಆದರೆ ಅವತ್ತು ಸಂಜೆ ನಾಲ್ಕು ಗಂಟೆ ದಾಟಿದ ಮೇಲೆ ಪೊಲೀಸ್ ಕಚೇರಿಯಿಂದ ಮೋಟಾರ್‌ಸೈಕಲ್ಲಿನ ಜೊತೆ ಹೊರಗೆ ಬಂದವನು ಸ್ಕಾಟ್ ಅಲ್ಲ, ಜಾನ್ ಸಾಂಡರ್ಸ್ ಅನ್ನೋ ಕಿರಿಯ ಅಧಿಕಾರಿ. ಗುರುತು ಹಿಡಿಯಬೇಕಿದ್ದ ಜೈಗೋಪಾಲ್ ತಪ್ಪಿದ. ರಾಜಗುರು ಗುಂಡು ಹಾರಿಸಿದರು, ಆಮೇಲೆ ಭಗತ್ ಸಿಂಗ್. ಬೆನ್ನಟ್ಟಿ ಬಂದ ಹೆಡ್ ಕಾನ್‌ಸ್ಟೇಬಲ್ ಚನ್ನನ್ ಸಿಂಗ್ ಆಜಾದ್ ಅವರ ಗುಂಡಿಗೆ ಬಲಿಯಾದ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಸತ್ತ ಸಾಂಡರ್ಸ್‌ಗೆ 21 ವರ್ಷ. ಗುಂಡು ಹಾರಿಸಿದ ಭಗತ್ ಸಿಂಗ್ ಅವರಿಗೂ 21. ರಾಜಗುರು ಅವರಿಗೆ 20. ಚನ್ನನ್ ಸಿಂಗ್ ಅದೇ ಪಂಜಾಬಿನ ಒಬ್ಬ ಸರ್ಕಾರಿ ನೌಕರ, ಅವನ ಹೆಸರು ಯಾವ ಪೋಸ್ಟರಿನಲ್ಲೂ ಬರಲ್ಲ. ಈ ಕಥೆಯನ್ನು ರೋಮಾಂಚನಕ್ಕೋಸ್ಕರ ಮಾತ್ರ ಕೇಳಿದರೆ ಇದೆಲ್ಲ ಕಾಣೋದೇ ಇಲ್ಲ.

ವೇಷ

ಹತ್ಯೆಯಾದ ಮೇಲೆ ಲಾಹೋರಿನಿಂದ ಹೊರಬೀಳುವ ದಾರಿಗಳ ಮೇಲೆಲ್ಲ ಪೊಲೀಸರ ಕಣ್ಣಿತ್ತು. ರೈಲು ನಿಲ್ದಾಣದ ಮೇಲಂತೂ ಕೇಳೋದೇ ಬೇಡ.

ಭಗತ್ ಸಿಂಗ್ ಪೊಲೀಸರಿಗೆ ಹೊಸಬರೇನೂ ಆಗಿರಲಿಲ್ಲ. 1927ರಲ್ಲಿ ಒಮ್ಮೆ ಬಂಧನವಾಗಿತ್ತು. ಆಗ ತೆಗೆದ ಫೋಟೋ ಇವತ್ತಿಗೂ ಇದೆ. ಮಂಚದ ಮೇಲೆ ಕೂತ ಯುವಕ, ಗಂಟು ಕಟ್ಟಿದ ಉದ್ದ ಕೂದಲು, ಗಡ್ಡ. 1928ರ ಡಿಸೆಂಬರ್ ಹೊತ್ತಿಗೆ ಆ ಕೂದಲೂ ಇರಲಿಲ್ಲ, ಗಡ್ಡವೂ ಇರಲಿಲ್ಲ. ಒಬ್ಬ ಸಿಖ್ ಮನೆತನದ ಹುಡುಗನಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಯೋಚನೆ ಮಾಡಿ. ಕೋಟು ಹಾಕಿಕೊಳ್ಳೋಕೆ ಮುಂಚೆ ಅವರು ತಮ್ಮ ಮೈಯಿಂದಲೇ ಒಂದು ಗುರುತನ್ನು ಕಳಚಿಟ್ಟಿದ್ದರು.

ಸುಖದೇವ್ ಹೋಗಿ ಸಹಾಯ ಕೇಳಿದ್ದು ದುರ್ಗಾ ದೇವಿ ಅವರ ಹತ್ತಿರ. ಕ್ರಾಂತಿಕಾರಿಗಳೆಲ್ಲ 'ದುರ್ಗಾ ಭಾಭಿ' ಅಂತ ಕರೆಯುತ್ತಿದ್ದವರು. ಅಂದರೆ ಅತ್ತಿಗೆ. ಅವರ ಗಂಡ ಭಗವತಿ ಚರಣ್ ವೋಹ್ರಾ ಅದೇ ಗುಂಪಿನ ಮುಖ್ಯ ಚಿಂತಕ, ಆಗ ಕಲ್ಕತ್ತೆಯಲ್ಲಿದ್ದರು. ಮನೆಯಲ್ಲಿ ದುರ್ಗಾ ಭಾಭಿ ಮತ್ತು ಅವರ ಮೂರು ವರ್ಷದ ಮಗ ಸಚಿ, ಇಬ್ಬರೇ. ಅವರಿಗೂ ಆಗ 21 ವರ್ಷ.

ಅವರ ಮುಂದೆ ಇಟ್ಟ ಕೋರಿಕೆ ಎಂಥದ್ದು ನೋಡಿ. ಗಂಡ ಊರಲ್ಲಿಲ್ಲದಾಗ ಇನ್ನೊಬ್ಬ ಗಂಡಸಿನ ಹೆಂಡತಿಯಾಗಿ ರೈಲಿನಲ್ಲಿ ಹೋಗಬೇಕು. 1928ರ ಸಮಾಜದಲ್ಲಿ. ಆ ಗಂಡಸಿನ ಜೇಬಿನಲ್ಲಿ ಪಿಸ್ತೂಲು, ತಲೆಯ ಮೇಲೆ ಕೊಲೆ ಆರೋಪ. ಜೊತೆಗೆ ಸ್ವಂತ ಮಗು. ಅವರು ಒಪ್ಪಿದರು. ಗಂಡ ಖರ್ಚಿಗೆ ಅಂತ ಬಿಟ್ಟುಹೋಗಿದ್ದ ದುಡ್ಡನ್ನೂ ಕೊಟ್ಟರು.

ಲಾಹೋರಿನ ಡಿಸೆಂಬರ್ ನಮ್ಮ ಬೆಂಗಳೂರಿನ ಡಿಸೆಂಬರ್ ಥರ ಅಲ್ಲ. ರಾತ್ರಿ ಹೊತ್ತು ತಾಪಮಾನ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಬೆಳಗಿನ ಜಾವ ಮಂಜು. ಆ ಹೊತ್ತಿನಲ್ಲಿ ಕಾಲರ್ ಎತ್ತಿ ಕಿವಿ ಮುಚ್ಚಿಕೊಂಡವನನ್ನು ನೋಡಿ ಯಾರಿಗೂ ಅನುಮಾನ ಬರಲ್ಲ. ಹ್ಯಾಟನ್ನು ಹಣೆಯ ಮೇಲೆ ಎಳೆದುಕೊಂಡರೂ ಅಷ್ಟೇ. ಇದೇ ಕೆಲಸ ಮೇ ತಿಂಗಳಲ್ಲಿ ಆಗಿದ್ದರೆ? ಲಾಹೋರಿನ ಬಿಸಿಲಿನಲ್ಲಿ ಓವರ್‌ಕೋಟು ಹಾಕಿದವನನ್ನು ದಾರಿಹೋಕರೂ ತಿರುಗಿ ನೋಡುತ್ತಿದ್ದರು. ಲಾಲಾಜಿ ತೀರಿಕೊಂಡ ದಿನದ ಲೆಕ್ಕಕ್ಕೆ ಈ ದಿನ ಚಳಿಗಾಲದಲ್ಲಿ ಬಿತ್ತು, ಆ ಚಳಿ ಅವರನ್ನು ಕಾಪಾಡಿತು.

ಆದರೆ ಚಳಿಗೆ ಬಟ್ಟೆ ಹಾಕೋದು ಅಂದರೆ ಕೋಟೇ ಆಗಬೇಕು ಅಂತೇನೂ ಇಲ್ಲವಲ್ಲ? ಪಂಜಾಬಿನ ರೈತರು ಹೊದೆಯುವ ಕಂಬಳಿಯೊಳಗೂ ಪಿಸ್ತೂಲು ಅಡಗುತ್ತದೆ. ಇನ್ನೂ ಚೆನ್ನಾಗಿಯೇ ಅಡಗುತ್ತದೆ. ಕಂಬಳಿ ಹೊದ್ದ ಯುವಕ ಮೂರನೇ ದರ್ಜೆಯ ಜನಜಂಗುಳಿಯಲ್ಲಿ ನಿಲ್ಲಬೇಕು. ಪೊಲೀಸಿನವನು ಬೆತ್ತ ಆಡಿಸಿಕೊಂಡು 'ಏಯ್, ಕಂಬಳಿ ತೆಗಿ' ಅನ್ನಬಹುದು. ಕೋಟು ಹಾಕಿದವನಿಗೆ ಹಾಗೆ ಅನ್ನೋ ಧೈರ್ಯ ಅವನಿಗಿಲ್ಲ. ಆ ಕೋಟು ಬಟ್ಟೆಯಾಗಿ ಪಿಸ್ತೂಲನ್ನು ಮುಚ್ಚಿತು, ದರ್ಜೆಯಾಗಿ ಮನುಷ್ಯನನ್ನು ಮುಚ್ಚಿತು. ಎರಡನೆಯದೇ ಹೆಚ್ಚು ಗಟ್ಟಿಯಾದ ಮರೆ.

ನಮ್ಮ ಕಡೆಯೂ ಇದನ್ನು ನೋಡಿದ್ದೇವೆ. ಕಚ್ಚೆಪಂಚೆಯ ಮೇಲೆ ಕರಿಕೋಟು, ತಲೆಗೆ ಮೈಸೂರು ಪೇಟ ಇಟ್ಟ ಹಿರಿಯರ ಫೋಟೋ ನಿಮ್ಮ ಮನೆಯ ಗೋಡೆಯಲ್ಲೂ ಇರಬಹುದು. ಮೈಸೂರಿನ ಹವೆಗೆ ಆ ಕೋಟು ಬೇಕಿರಲಿಲ್ಲ. ಕಚೇರಿಯ ಬಾಗಿಲು ದಾಟೋಕೆ ಬೇಕಿತ್ತು.

ಪ್ಲಾಟ್‌ಫಾರ್ಮ್

ಹತ್ಯೆಯಾದ ಎರಡು ಮೂರು ದಿನಗಳೊಳಗೇ ಅವರು ಹೊರಟರು. ಭಗತ್ ಸಿಂಗ್ ಸಚಿಯನ್ನು ಎತ್ತಿಕೊಂಡಿದ್ದರು. ಮಗುವಿನ ತಲೆ ಭುಜದ ಮೇಲಿದ್ದರೆ ಎತ್ತಿಕೊಂಡವನ ಮುಖ ಅರ್ಧ ಮರೆಯಾಗುತ್ತದೆ. ಪಕ್ಕದಲ್ಲಿ ದುರ್ಗಾ ಭಾಭಿ. ಹಿಂದೆ ಸಾಮಾನು ಹೊತ್ತ ರಾಜಗುರು. ಅವರ ಹತ್ತಿರವೂ ಆಯುಧ ಇತ್ತು. ಆದರೆ ಆಳನ್ನು ಯಾರು ನೋಡ್ತಾರೆ? ಸಾಹೇಬನನ್ನು ಗೌರವದಿಂದ ನೋಡಲಿಲ್ಲ, ಆಳನ್ನು ಅಸಡ್ಡೆಯಿಂದ ನೋಡಲಿಲ್ಲ. ಎರಡೂ ಕುರುಡೇ.

ಈಗ ಇದನ್ನು ದುರ್ಗಾ ಭಾಭಿ ಅವರ ಕಡೆಯಿಂದ ನೋಡಿ. ಯಾರಾದರೂ ಒಬ್ಬ ಪೊಲೀಸ್ 'ಸ್ವಲ್ಪ ನಿಲ್ಲಿ' ಅಂದಿದ್ದರೆ ಸಾಕಿತ್ತು. ಪಿಸ್ತೂಲು ಹೊರಬರುತ್ತಿತ್ತು, ಆ ಕಡೆಯಿಂದಲೂ ಗುಂಡು ಬರುತ್ತಿತ್ತು. ಆ ಎರಡರ ನಡುವೆ ಅವರ ಮೂರು ವರ್ಷದ ಮಗ. ಅವರು ಅದನ್ನು ತಿಳಿದೇ ನಡೆದರು. ನಾವು ಈ ಕಥೆ ಹೇಳುವಾಗ ಕೋಟು, ಹ್ಯಾಟು, ಪಿಸ್ತೂಲು ಅಂತ ಹೇಳ್ತೀವಿ. ಆ ವೇಷ ನಂಬುವಂತಾದದ್ದು ಒಬ್ಬ ಹೆಣ್ಣುಮಗಳು ಮತ್ತು ಒಂದು ಮಗು ಜೊತೆಗಿದ್ದದ್ದಕ್ಕೆ. ಅವರಿಬ್ಬರನ್ನು ಪಕ್ಕಕ್ಕೆ ಸರಿಸಿದರೆ ಉಳಿಯೋದು ಕಾಲರ್ ಎತ್ತಿದ ಒಬ್ಬ ಒಂಟಿ ಯುವಕ. ಪೊಲೀಸರು ಹುಡುಕುತ್ತಿದ್ದದ್ದು ಅಂಥವನನ್ನೇ.

ಟಿಕೆಟ್ ಕೊಂಡರು, ಕಾನ್ಪುರದ ಕಡೆಯ ರೈಲು ಹತ್ತಿದರು. ಲಾಹೋರಿನಿಂದ ನೇರವಾಗಿ ಬರುವ ರೈಲುಗಳನ್ನು ಹೌರಾದಲ್ಲಿ ಸಿಐಡಿಯವರು ನೋಡುತ್ತಾರೆ ಅಂತ ಗೊತ್ತಿತ್ತು, ಹಾಗಾಗಿ ಲಖನೌ ಕಡೆಯಿಂದ ಸುತ್ತಿ ಬಂದರು. ಲಖನೌದಲ್ಲಿ ರಾಜಗುರು ಬೇರೆಯಾಗಿ ಬನಾರಸಿಗೆ ಹೋದರು. ಉಳಿದವರು ಕಲ್ಕತ್ತೆ ತಲುಪಿದರು. ಆಜಾದ್ ಅವರದು ಬೇರೆಯೇ ದಾರಿ. ಅವರು ಸಾಧುವಿನ ವೇಷದಲ್ಲಿ ಲಾಹೋರ್ ಬಿಟ್ಟರು. ಆ ವೇಷವನ್ನೂ ಯಾರೂ ತಡೆಯಲಿಲ್ಲ.

ಆಮೇಲೆ

ಹ್ಯಾಟು ಹಾಕಿದ ಭಗತ್ ಸಿಂಗ್ ಅವರ ಫೋಟೋ, ನಮ್ಮ ಆಟೋಗಳ ಹಿಂದೆ, ಟೀ ಶರ್ಟುಗಳ ಮೇಲೆ ಇರೋದು, ಈ ಪ್ರಯಾಣದ್ದಲ್ಲ. ಅದು 1929ರ ಏಪ್ರಿಲ್‌ನಲ್ಲಿ ದೆಹಲಿಯ ಕಾಶ್ಮೀರಿ ಗೇಟ್ ಬಳಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಅಡಗಿಕೊಳ್ಳೋಕೆ ಹಾಕಿದ್ದ ಹ್ಯಾಟು ನಾಲ್ಕೇ ತಿಂಗಳಲ್ಲಿ ಜನ ಗುರುತಿಸುವ ಗುರುತಾಯಿತು.

ಅದೇ ಏಪ್ರಿಲ್ 8ರಂದು ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬು ಎಸೆದು, ಕರಪತ್ರ ಹಾರಿಸಿ, ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ ಓಡದೆ ನಿಂತರು. ಈ ಸಲ ಮರೆ ಬೇಕಿರಲಿಲ್ಲ, ಎಲ್ಲರಿಗೂ ಕಾಣಿಸಬೇಕಿತ್ತು. ಆಗ .32 ಕೋಲ್ಟ್ ಪಿಸ್ತೂಲು ಪೊಲೀಸರ ವಶವಾಯಿತು. ಲಾಹೋರ್ ಮೊಕದ್ದಮೆಯಲ್ಲಿ ಅದನ್ನೇ ಸಾಂಡರ್ಸ್ ಹತ್ಯೆಯ ಸಾಕ್ಷ್ಯವಾಗಿ ಮುಂದಿಟ್ಟರು. 1931ರ ಮಾರ್ಚ್ 23ರಂದು ಭಗತ್ ಸಿಂಗ್, ರಾಜಗುರು, ಸುಖದೇವ್ ಮೂವರನ್ನೂ ಗಲ್ಲಿಗೇರಿಸಲಾಯಿತು. ಆ ಪಿಸ್ತೂಲು ಬಹಳ ವರ್ಷ ಇಂದೋರಿನ ಬಿಎಸ್ಎಫ್ ತರಬೇತಿ ಕೇಂದ್ರದಲ್ಲಿತ್ತು, ಈಚೆಗೆ ಪಂಜಾಬಿನ ಹುಸೇನಿವಾಲಾಕ್ಕೆ ಬಂದಿದೆ. ಆಜಾದ್ ಅವರ ಪಿಸ್ತೂಲು ಅಲಹಾಬಾದ್ ಮ್ಯೂಸಿಯಂನಲ್ಲಿದೆ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸುಲಭ. ಆದರೆ ಬಟ್ಟೆಯೊಳಗೆ ಅಡಗಿದ ಪಿಸ್ತೂಲು ಯಾವ ಪಕ್ಷದ್ದೂ ಅಲ್ಲ. ಇನ್ನೊಂದು ಚಳಿಗಾಲ, 1948ರ ಜನವರಿ, ದೆಹಲಿ. 20ರಂದು ಬಿರ್ಲಾ ಭವನದಲ್ಲಿ ಬಾಂಬು ಸಿಡಿದಿತ್ತು. ಪ್ರಾರ್ಥನೆಗೆ ಬರುವವರ ಬಟ್ಟೆ ತಡವಿ ನೋಡಬೇಕು ಅಂತ ಪೊಲೀಸರು ಕೇಳಿದರು. ಗಾಂಧೀಜಿ ಬೇಡ ಅಂದರು. 30ರ ಸಂಜೆ ನಾಥೂರಾಮ್ ಗೋಡ್ಸೆ ಕೈಮುಗಿದುಕೊಂಡು ಎದುರು ಬಂದ, ಬಟ್ಟೆಯೊಳಗೆ ಇಟ್ಟುಕೊಂಡು ಬಂದಿದ್ದ ಬೆರೆಟಾ ಪಿಸ್ತೂಲಿನಿಂದ ಮೂರು ಗುಂಡು ಹೊಡೆದ. ಅವನನ್ನೂ ಯಾರೂ ತಡೆದಿರಲಿಲ್ಲ. ನೋಡೋಕೆ ಪ್ರಾರ್ಥನೆಗೆ ಬಂದ ಸಭ್ಯಸ್ಥನ ಹಾಗೇ ಇದ್ದ.

ಲಾಹೋರಿನಲ್ಲಿ ನಾವು ಸಂಭ್ರಮಿಸುವ ಅದೇ ಕುರುಡು ದೆಹಲಿಯಲ್ಲಿ ನಮ್ಮ ಎದೆ ಒಡೆಯುತ್ತದೆ. ಬಟ್ಟೆ ನೋಡಿ ಮನುಷ್ಯನನ್ನು ಅಳೆಯುವ ಕಣ್ಣು ಯಾವತ್ತೂ ಅಪಾಯವನ್ನು ಅಳೆಯೋದಿಲ್ಲ, ಬರೀ ಅಂತಸ್ತನ್ನು ಅಳೆಯುತ್ತೆ. ಮುಂದಿನ ಸಲ ಯಾವುದಾದರೂ ಮಾಲ್‌ನ ಬಾಗಿಲಲ್ಲೋ ಅಪಾರ್ಟ್‌ಮೆಂಟಿನ ಗೇಟಿನಲ್ಲೋ ಗಮನಿಸಿ. ಯಾರ ಚೀಲ ತೆರೆಸ್ತಾರೆ, ಯಾರಿಗೆ ಸಲಾಂ ಹೊಡೀತಾರೆ ಅಂತ.

ಕೊನೆಯದಾಗಿ ದುರ್ಗಾ ಭಾಭಿ. 1930ರ ಮೇನಲ್ಲಿ ರಾವಿ ನದಿಯ ದಂಡೆಯಲ್ಲಿ ಬಾಂಬು ಪರೀಕ್ಷೆ ಮಾಡುವಾಗ ಅವರ ಗಂಡ ಭಗವತಿ ಚರಣ್ ತೀರಿಹೋದರು. ಮುಂದಿನ ವರ್ಷ ಸಂಗಾತಿಗಳು ಗಲ್ಲಿಗೇರಿದರು. ಅವರು ಮಗನನ್ನು ಬೆಳೆಸಿದರು, ಲಖನೌದಲ್ಲಿ ಪುಟ್ಟ ಮಕ್ಕಳಿಗಾಗಿ ಮಾಂಟೆಸ್ಸರಿ ಶಾಲೆ ಕಟ್ಟಿದರು. 1999ರ ಅಕ್ಟೋಬರ್‌ನಲ್ಲಿ, 92ನೇ ವಯಸ್ಸಿನಲ್ಲಿ, ಗಾಜಿಯಾಬಾದಿನಲ್ಲಿ ತೀರಿಕೊಂಡರು. ನಿಮ್ಮಲ್ಲಿ ಕೆಲವರು ಹುಟ್ಟಿದ ವರ್ಷ ಅದು. ಅಷ್ಟು ಹತ್ತಿರದ ಇತಿಹಾಸ ಇದು.

ದುರ್ಗಾ ಭಾಭಿ ಅವರ ಹೆಸರನ್ನು ಮೊದಲ ಸಲ ಕೇಳಿದವರು ಇದನ್ನು ಇನ್ನೊಬ್ಬರಿಗೆ ಕಳಿಸಿ.